ತಂತಿ ಹೇಳಿದ್ದು 48.3, ನಾವು ಬರೆದದ್ದು 50

ಡಿಗ್ರಿಯಲ್ಲಿ ಫಿಸಿಕ್ಸ್ ಓದಿದವರಿಗೆಲ್ಲ ಈ ಪ್ರಯೋಗ ನೆನಪಿರುತ್ತೆ. ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಟೊಳ್ಳು ಮರದ ಪೆಟ್ಟಿಗೆ. ಅದರ ಮೇಲೆ ಎಳೆದು ಕಟ್ಟಿದ ಹಿತ್ತಾಳೆ ತಂತಿ. ತಂತಿಯ ಒಂದು ತುದಿ ಮೊಳೆಗೆ, ಇನ್ನೊಂದು ತುದಿ ರಾಟೆ ದಾಟಿ ಕೆಳಗೆ ತೂಗುವ ಬಟ್ಟಿಗೆ. ತಂತಿಯ ಅಡಿಯಲ್ಲಿ ಆಚೀಚೆ ಜರುಗಿಸಬಹುದಾದ ಎರಡು ಮರದ ಬ್ರಿಡ್ಜ್, ನಡುವೆ ಕುದುರೆ ಲಾಳದ ಆಕಾರದ ಅಯಸ್ಕಾಂತ. ಇದೇ ಸೋನೋಮೀಟರ್. ಗೋಡೆಯ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಆರು ವೋಲ್ಟಿಗೆ ಇಳಿಸಿ ತಂತಿಗೆ ಹಾಯಿಸಬೇಕು. ಬ್ರಿಡ್ಜ್ ಜರುಗಿಸುತ್ತಾ ಹೋಗಬೇಕು. ಒಂದು ಕಡೆ ಬಂದಾಗ ತಂತಿ ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬಿಸಿಕೊಂಡು ಝುಂ ಅನ್ನುತ್ತೆ. ಮೇಲೆ ಕೂರಿಸಿದ್ದ ಕಾಗದದ ಚೂರು ಹಾರಿ ಬೀಳುತ್ತೆ. ಆಗ ಎರಡು ಬ್ರಿಡ್ಜುಗಳ ನಡುವಿನ ಉದ್ದ ಅಳೆದು, ಲೆಕ್ಕ ಹಾಕಿ, ಕರೆಂಟಿನ ಆವರ್ತನ ಕಂಡುಹಿಡಿಯಬೇಕು.

ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಐವತ್ತು.

ನಾನು ಈ ಪ್ರಯೋಗ ಮಾಡಿದ್ದು 1998ರಲ್ಲಿ, ಕೆಜಿಎಫ್ ಕಡೆಯ ಒಂದು ಕಾಲೇಜಿನಲ್ಲಿ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಹೋಗುತ್ತಿದ್ದ ದಿನಗಳು. ಅರ್ಧ ಕೆಜಿ ತೂಕ ಹಾಕಿದಾಗ ನಮ್ಮ ತಂತಿ ಕುಣಿದದ್ದು 70 ಸೆಂಟಿಮೀಟರಿಗೆ. ಮುಕ್ಕಾಲು ಕೆಜಿಗೆ 85.7. ಒಂದು ಕೆಜಿಗೆ ಪೆಟ್ಟಿಗೆಯ ತುದಿ ಮುಟ್ಟಿ 99. ಜೊತೆಯಲ್ಲಿದ್ದ ಗೆಳೆಯ ಲಾಗ್ ಟೇಬಲ್ ತೆಗೆದು ಲೆಕ್ಕ ಹಾಕಿದ. ಮೂರಕ್ಕೂ ಬಂದದ್ದು 48.3.

ಮೇಷ್ಟ್ರ ಹತ್ತಿರ ಹೋದೆವು. ಅವರು ಒಂದು ಸಲ ನೋಡಿ ನಕ್ಕರು. "ಏನ್ರಪ್ಪಾ, ನಿಮ್ಮಿಬ್ಬರಿಗೆ ಮಾತ್ರ ಬೇರೆ ಕರೆಂಟು ಬರುತ್ತಾ? ಹೋಗಿ ಸರಿ ಮಾಡ್ಕೊಂಡು ಬನ್ನಿ."

ಸರಿ ಮಾಡ್ಕೊಂಡು ಬರೋದು ಅಂದ್ರೆ ಏನು ಅಂತ ನಿಮಗೂ ಗೊತ್ತಲ್ವಾ! ರಬ್ಬರ್ ತಗೊಂಡು 70.0 ಅಳಿಸಿ 67.6 ಮಾಡಿದೆವು. ಉಳಿದೆರಡಕ್ಕೂ ಅದೇ ಗತಿ. ಉತ್ತರ 50.02 ಬಂತು. ಪೂರ್ತಿ 50 ಬಂದ್ರೆ ಅನುಮಾನ ಬರುತ್ತೆ ಅಂತ ಆ 0.02 ಬೇಕಂತಲೇ ಬಿಟ್ಟಿದ್ದು. ರೆಕಾರ್ಡಿಗೆ ಸಹಿ ಬಿತ್ತು. ಆರೂವರೆ ರೈಲಿಗೆ ಮನೆ.

ಈ ಕಥೆ ಇಷ್ಟಕ್ಕೇ ಮುಗಿದಿದ್ದರೆ ಬರೆಯೋಕೆ ಏನೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಶಿವನಸಮುದ್ರದ ವಿದ್ಯುತ್ತಿನ ಇತಿಹಾಸ ಓದುವಾಗ ಒಂದು ಅಂಕಿ ಕಣ್ಣಿಗೆ ಬಿದ್ದು ಈ 48.3 ಮತ್ತೆ ತಲೆಯೊಳಗೆ ಕೂತಿತು. ಆ ಅಂಕಿಗೆ ಆಮೇಲೆ ಬರ್ತೀನಿ. ಮೊದಲು ತಂತಿಯ ಕಥೆ.

ಎಳೆದು ಕಟ್ಟಿದ ತಂತಿಯನ್ನು ಮೀಟಿದರೆ ಅಲೆ ಎರಡೂ ಕಡೆ ಓಡುತ್ತೆ. ತುದಿಗೆ ಬಡಿದು ತಿರುಗಿ ಬರುತ್ತೆ. ಹೋಗುವ ಅಲೆಯೂ ಬರುವ ಅಲೆಯೂ ಸರಿಯಾಗಿ ತಾಳ ಹಾಕಿದರೆ ಅಲೆ ಓಡುವುದೇ ಕಾಣುವುದಿಲ್ಲ. ಕೆಲವು ಜಾಗ ಜೋರಾಗಿ ಕುಣಿಯುತ್ತೆ, ಕೆಲವು ಜಾಗ ಅಲುಗಾಡದೆ ನಿಲ್ಲುತ್ತೆ. ಇದೇ ಸ್ಥಾಯಿ ತರಂಗ. ತಾಳ ಕೂಡುವುದು ಮೂರು ಸಂಗತಿಯ ಮೇಲೆ ನಿಂತಿದೆ: ತಂತಿ ಎಷ್ಟು ಉದ್ದ, ಎಷ್ಟು ಬಿಗಿ, ಒಂದು ಮೀಟರ್ ತಂತಿಯ ತೂಕ ಎಷ್ಟು. ಉದ್ದ ಅರ್ಧ ಮಾಡಿದರೆ ಆವರ್ತನ ಎರಡರಷ್ಟು. ಆದರೆ ಬಿಗಿತದಿಂದ ಆವರ್ತನ ಎರಡರಷ್ಟು ಮಾಡಬೇಕಾದರೆ ತೂಕ ನಾಲ್ಕರಷ್ಟು ಹಾಕಬೇಕು. ವೀಣೆಯ ಮನೆಗಳನ್ನು ಮೇಣದಲ್ಲಿ ಕೂರಿಸುವವರಿಗೆ, ತಂಬೂರಿ ಶ್ರುತಿ ಮಾಡುವವರಿಗೆ ಇದು ಕೈಗೇ ಗೊತ್ತು.

ಇದನ್ನು ಅಂಕಿಯಲ್ಲಿ ಕಟ್ಟಿಕೊಟ್ಟವನು ಮರೆನ್ ಮರ್ಸೆನ್ ಅನ್ನುವ ಫ್ರೆಂಚ್ ಪಾದ್ರಿ, 1636ರಲ್ಲಿ. ಚಿಕ್ಕ ತಂತಿಯ ಕಂಪನ ಕಣ್ಣಿಗೆ ಎಣಿಸೋಕೆ ಆಗಲ್ಲ. ಅದಕ್ಕೆ ಆತ ತುಂಬಾ ಉದ್ದದ ತಂತಿಗಳನ್ನು ಕಟ್ಟಿ, ನಿಧಾನವಾಗಿ ಓಲಾಡುವುದನ್ನು ಎಣಿಸಿ, ಅಲ್ಲಿಂದ ನಿಯಮ ಹಿಡಿದ. ನಮ್ಮ ಲ್ಯಾಬಿನ ಕಾಗದದ ಚೂರೂ ಹಳೆಯದೇ. ತಂತಿಯ ಮೇಲೆ ಕಾಗದ ಕೂರಿಸಿ, ಎಲ್ಲಿ ಹಾರುತ್ತೆ ಎಲ್ಲಿ ಕೂತೇ ಇರುತ್ತೆ ಅಂತ ಆಕ್ಸ್‌ಫರ್ಡಿನಲ್ಲಿ ನೋಡಿದ್ದನ್ನು ಜಾನ್ ವಾಲಿಸ್ 1677ರಲ್ಲೇ ಪ್ರಕಟಿಸಿದ್ದ. ಮುನ್ನೂರು ವರ್ಷ ದಾಟಿದ ಮೇಲೂ ಕೆಜಿಎಫ್‌ನಲ್ಲಿ ನಾವು ಅದೇ ಕಾಗದ ಹರಿಯುತ್ತಿದ್ದೆವು, ಅದೂ ಹಳೇ ಪ್ರಶ್ನೆಪತ್ರಿಕೆಯಿಂದ! ಜರ್ಮನಿಯ ಫ್ರಾಂಜ್ ಮೆಲ್ಡೆ 1859-60ರ ಹೊತ್ತಿಗೆ ದಾರದ ಒಂದು ತುದಿಯನ್ನು ಶ್ರುತಿ ಕವೆಗೆ ಕಟ್ಟಿ, ಅದು ನಡುಗಿದಂತೆ ದಾರದಲ್ಲಿ ಸ್ಥಾಯಿ ತರಂಗ ಎಬ್ಬಿಸಿ ತೋರಿಸಿದ. ಅಲ್ಲಿಂದ ಅದು ಎಲ್ಲಾ ಕಾಲೇಜುಗಳ ಲ್ಯಾಬಿಗೂ ಬಂತು.

ಕರೆಂಟು ಬಂದ ಮೇಲೆ ಶ್ರುತಿ ಕವೆಯ ಜಾಗಕ್ಕೆ ಕರೆಂಟೇ ಬಂತು. ಎಸಿ ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗಿ ಬಂದರೆ, ಅಯಸ್ಕಾಂತದ ನಡುವಿನ ತಂತಿಯೂ ಸೆಕೆಂಡಿಗೆ ಐವತ್ತು ಸಲ ಆಚೆ ಈಚೆ ತಳ್ಳಿಸಿಕೊಳ್ಳುತ್ತೆ. ಹಾಗಾಗಿ ಸೋನೋಮೀಟರ್ ಅಂದರೆ ಕರೆಂಟಿನ ನಾಡಿ ಹಿಡಿಯುವ ತಂತಿ.

ಈಗ ಆ ಅಂಕಿಗೆ ಬರೋಣ.

ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದದ್ದು 1902ರ ಜೂನ್ 30ರಂದು. ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ಉತ್ಪಾದನೆ, ಅಲ್ಲಿಂದ 92 ಮೈಲಿ, ಅಂದರೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಸಾಗಣೆ. ಯೋಜನೆ ಮುಂದಿಟ್ಟವರು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಅವರು 1901ರಲ್ಲೇ ತೀರಿಕೊಂಡರು, ದೀಪ ಹತ್ತಿದ್ದು ನೋಡಲಿಲ್ಲ. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಮೊದಲಿಗೆ 720 ಕಿಲೋವ್ಯಾಟಿನ ಆರು ಜನರೇಟರು. ಆಗಿನ ಕಾಲಕ್ಕೆ ಅಷ್ಟು ದೂರ, ಅದೂ ಮೂವತ್ತು-ಮೂವತ್ತೈದು ಸಾವಿರ ವೋಲ್ಟಿನಲ್ಲಿ, ವಿದ್ಯುತ್ ಸಾಗಿಸುವುದು ಸಣ್ಣ ಸಾಹಸ ಅಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೂರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ. ರಾಜಧಾನಿಗಿಂತ ಮೊದಲು ಗಣಿಗೆ ಕರೆಂಟು! ಕೆಜಿಎಫ್‌ನವರು ಇವತ್ತಿಗೂ ಇದನ್ನು ಹೇಳಿಕೊಳ್ಳೋದು ಬಿಡಲ್ಲ. ಹೇಳಿಕೊಳ್ಳಲಿ ಬಿಡಿ, ನ್ಯಾಯವಾಗೇ ಇದೆ.

ಆದರೆ ಆ ಕರೆಂಟಿನ ಆವರ್ತನ 50 ಅಲ್ಲ. 25.

ಓದಿದಾಗ ನನಗೆ ಮೊದಲು ಬಂದ ಯೋಚನೆ ನಮ್ಮ ಸೋನೋಮೀಟರಿನದೇ. ಆ ಕರೆಂಟನ್ನು ನಮ್ಮ ತಂತಿಗೆ ಅರ್ಧ ಕೆಜಿ ತೂಕ ಹಾಕಿ ಹಾಯಿಸಿದ್ದರೆ, ಅದು ಕುಣಿಯೋಕೆ 135 ಸೆಂಟಿಮೀಟರ್ ಬೇಕಿತ್ತು. ಪೆಟ್ಟಿಗೆಯೇ ಸಾಲುತ್ತಿರಲಿಲ್ಲ. ಇಲ್ಲವೇ ತೂಕವನ್ನು ಕಾಲು ಭಾಗಕ್ಕೆ, 125 ಗ್ರಾಮಿಗೆ ಇಳಿಸಬೇಕಿತ್ತು. ಆಗ "ಸರಿ ಉತ್ತರ" 25. ಐವತ್ತು ಬರೆದವನಿಗೆ ಮೇಷ್ಟ್ರು ಬೈಯುತ್ತಿದ್ದರು!

ಯಾಕೆ 25? ಆ ಕಾಲದಲ್ಲಿ ಆವರ್ತನ ಇಷ್ಟೇ ಇರಬೇಕು ಅಂತ ಯಾರೂ ನಿಗದಿ ಮಾಡಿರಲಿಲ್ಲ. ಅಮೆರಿಕದ ನಯಾಗರಾ ಜಲಪಾತದ ವಿದ್ಯುದಾಗಾರ 1895ರಲ್ಲಿ 25ರಲ್ಲೇ ಶುರುವಾಗಿತ್ತು. ಎಸಿ ಮೋಟಾರಿನ ವೇಗ ಆವರ್ತನಕ್ಕೆ ಕಟ್ಟುಬಿದ್ದಿರುತ್ತೆ. ಆವರ್ತನ ಕಡಿಮೆ ಇದ್ದರೆ ದೊಡ್ಡ ಮೋಟಾರನ್ನು ನಿಧಾನವಾಗಿ ತಿರುಗಿಸುವುದು ಸುಲಭ. ಅದಿರು ಕುಟ್ಟುವ ಯಂತ್ರಕ್ಕೂ ಗಾಳಿ ಒತ್ತುವ ಕಂಪ್ರೆಸರಿಗೂ ಬೇಕಾದದ್ದು ಅದೇ. ಉದ್ದನೆಯ ತಂತಿಯಲ್ಲಿ ಎಸಿ ಕರೆಂಟಿಗೆ ಬರುವ ಅಡ್ಡಿಯೂ ಆವರ್ತನ ಇಳಿದಷ್ಟು ಇಳಿಯುತ್ತೆ. 92 ಮೈಲಿ ಸಾಗಿಸುವವರಿಗೆ ಅದೂ ಲಾಭ. ನಷ್ಟ ಅಂದರೆ ದೀಪ. 25ರಲ್ಲಿ ಬಲ್ಬಿನ ಬೆಳಕು ಕಣ್ಣಿಗೆ ಗೊತ್ತಾಗುವಂತೆ ನಡುಗುತ್ತೆ. ಗಣಿಗೆ ಬೇಕಾದದ್ದು ಬೆಳಕಿಗಿಂತ ಮೊದಲು ಬಲ. ಅದಕ್ಕೇ 25. ಮನೆಮನೆಗೆ ದೀಪ ಹೋಗುವ ಕಾಲ ಬಂದ ಮೇಲೆ ದೇಶವೆಲ್ಲ ನಿಧಾನವಾಗಿ 50ಕ್ಕೆ ಹೊಂದಿಕೊಂಡಿತು.

ಅಂದರೆ ನಮ್ಮ ಮೇಷ್ಟ್ರು ಪ್ರಕೃತಿ ನಿಯಮದ ಹಾಗೆ ಹೇಳಿದ ಆ ಐವತ್ತು, ಮನುಷ್ಯರು ಕೂತು ಒಪ್ಪಿಕೊಂಡ ಒಂದು ಸಂಖ್ಯೆ ಅಷ್ಟೇ.

ಅಂದ ಹಾಗೆ, 147 ಕಿಲೋಮೀಟರ್ ಉದ್ದಕ್ಕೆ ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿದ ತಾಮ್ರದ ತಂತಿ ಕೂಡ ಸೋನೋಮೀಟರೇ ಅಲ್ವಾ? ಹೌದು. ಅದನ್ನು ಮೀಟುವುದು ಗಾಳಿ. ಬಯಲಲ್ಲಿ ಕರೆಂಟು ಕಂಬದ ಕೆಳಗೆ ನಿಂತರೆ ಕೇಳುವ ಗುಂಯ್ ಸದ್ದು ನೆನಪಿದೆಯಾ? ಚಿಕ್ಕವರಿದ್ದಾಗ ಕಂಬಕ್ಕೆ ಕಿವಿ ಕೊಟ್ಟು "ಕರೆಂಟು ಹೋಗ್ತಾ ಇದೆ" ಅಂದುಕೊಳ್ಳುತ್ತಿದ್ದೆವು. ಬಹಳ ಸಲ ಅದು ಗಾಳಿಯ ಕೆಲಸ. ತಂತಿಯನ್ನು ಹಾದು ಹೋಗುವ ಗಾಳಿ ಅದರ ಹಿಂದೆ ಮೇಲೊಂದು ಕೆಳಗೊಂದು ಸುಳಿ ಬಿಡುತ್ತೆ, ಆ ಸುಳಿಗಳು ತಂತಿಯನ್ನು ಮೇಲೆ ಕೆಳಗೆ ಎಳೆಯುತ್ತವೆ. ಇದನ್ನು ಅಳೆದು 1878ರಲ್ಲಿ ಬರೆದವನು ಸ್ಟ್ರೌಹಾಲ್ ಅನ್ನುವ ಚೆಕ್ ವಿಜ್ಞಾನಿ. ಎಂಟು ಮಿಲಿಮೀಟರ್ ದಪ್ಪದ ತಂತಿಗೆ ಸೆಕೆಂಡಿಗೆ ಮೂರು ಮೀಟರ್ ವೇಗದ ಮೆಲುಗಾಳಿ ಬಡಿದರೆ ಸೆಕೆಂಡಿಗೆ ಸುಮಾರು 75 ಸಲ ನಡುಗುತ್ತೆ. ನಲವತ್ತು ಮೀಟರ್ ದೂರದ ಎರಡು ಕಂಬಗಳ ನಡುವೆ ಅರ್ಧ ಮೀಟರಿಗೊಂದರಂತೆ ಎಪ್ಪತ್ತು ಎಂಬತ್ತು ಪುಟ್ಟ ಹೊಟ್ಟೆಗಳು. ಕಣ್ಣಿಗೆ ಕಾಣೋದೇ ಇಲ್ಲ. ಆದರೆ ವರ್ಷಗಟ್ಟಲೆ ಹೀಗೆ ನಡುಗಿದರೆ ಕಂಬಕ್ಕೆ ಕಟ್ಟಿದ ಜಾಗದಲ್ಲಿ ತಂತಿಯ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಅದಕ್ಕೇ 1920ರ ದಶಕದಲ್ಲಿ ಅಮೆರಿಕದ ಸ್ಟಾಕ್‌ಬ್ರಿಡ್ಜ್ ಎಂಬ ಎಂಜಿನಿಯರ್ ಒಂದು ಉಪಾಯ ಹುಡುಕಿದ. ರೈಲಿನ ಕಿಟಕಿಯಿಂದ ದೊಡ್ಡ ಟವರುಗಳನ್ನು ನೋಡಿ. ಟವರಿನ ಹತ್ತಿರ ತಂತಿಗೆ ನೇತುಹಾಕಿದ, ಜಿಮ್ಮಿನ ಡಂಬೆಲ್ ಥರದ ಪುಟ್ಟ ವಸ್ತು ಕಾಣುತ್ತೆ. ತಂತಿಯ ಕುಣಿತವನ್ನು ಹೀರಿಕೊಳ್ಳುವುದೇ ಅದರ ಕೆಲಸ. ಲ್ಯಾಬಿನಲ್ಲಿ ಸ್ಥಾಯಿ ತರಂಗ ಎಬ್ಬಿಸೋಕೆ ಒದ್ದಾಡುತ್ತೇವೆ, ಲೈನಿನಲ್ಲಿ ಅದನ್ನು ಅಡಗಿಸೋಕೆ ಒದ್ದಾಡುತ್ತಾರೆ!

ಸರಿ, ಮತ್ತೆ 48.3ಕ್ಕೆ ಬರೋಣ. 25ರ ಕಾಲ ಮುಗಿದು 50 ಬಂತು, ಒಪ್ಪಿಕೊಳ್ಳೋಣ. ಆದರೆ 1998ರ ಆ ಮಧ್ಯಾಹ್ನ ಗೋಡೆಯ ಪ್ಲಗ್ಗಿನಲ್ಲಿ ನಿಜಕ್ಕೂ 50 ಇತ್ತಾ?

ಒಂದು ಗ್ರಿಡ್ಡಿಗೆ ಸೇರಿದ ಜನರೇಟರುಗಳೆಲ್ಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಹೆಜ್ಜೆ ತಪ್ಪದೆ ಒಟ್ಟಿಗೆ ನಡೆಯಬೇಕು. ಹೊರೆ ಜಾಸ್ತಿಯಾದರೆ ಒಂದು ಎತ್ತು ಮಾತ್ರ ನಿಧಾನ ಆಗಲ್ಲ, ಎಲ್ಲವೂ ನಿಧಾನ ಆಗುತ್ತವೆ. ಜನರೇಟರು ನಿಧಾನವಾದರೆ ಆವರ್ತನ ಇಳಿಯುತ್ತೆ. ತೊಂಬತ್ತರ ದಶಕದಲ್ಲಿ ದಕ್ಷಿಣದ ರಾಜ್ಯಗಳ ಗ್ರಿಡ್ಡಿನ ಕಥೆ ಇದೇ. ಬೇಡಿಕೆ ಜಾಸ್ತಿ, ಉತ್ಪಾದನೆ ಕಡಿಮೆ. ಆವರ್ತನ 48.5ಕ್ಕಿಂತ ಕೆಳಗೆ ಗಂಟೆಗಟ್ಟಲೆ ಇರುವುದು, 48ರ ಆಸುಪಾಸಿಗೆ ಜಾರುವುದು ಆಗ ಮಾಮೂಲು. 48.5ರಲ್ಲಿ ಕರೆಂಟಿನ ಲಯಕ್ಕೆ ನಡೆಯುವ ಗಡಿಯಾರ ದಿನಕ್ಕೆ 43 ನಿಮಿಷ ಹಿಂದೆ ಬೀಳುತ್ತೆ.

ಇದು ಸುಧಾರಿಸಿದ್ದು 2003ರ ಜನವರಿಯಿಂದ. ಗ್ರಿಡ್ಡಿನಿಂದ ಒಪ್ಪಂದಕ್ಕಿಂತ ಹೆಚ್ಚು ವಿದ್ಯುತ್ ಎಳೆದರೆ, ಆ ಹೊತ್ತಿನ ಆವರ್ತನ ಎಷ್ಟು ಇಳಿದಿದೆಯೋ ಅಷ್ಟು ದುಬಾರಿ ದರ ಕೊಡಬೇಕು ಅನ್ನುವ ವ್ಯವಸ್ಥೆ ದಕ್ಷಿಣದಲ್ಲಿ ಜಾರಿಗೆ ಬಂತು. ಹಣದ ಮಾತು ಬಂದ ಕೂಡಲೇ ಆವರ್ತನ ನೆಟ್ಟಗಾಯಿತು! 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ನಮಗೆ ಏನೂ ಆಗಲಿಲ್ಲ, ಯಾಕಂದರೆ ದಕ್ಷಿಣದ ಗ್ರಿಡ್ಡಿನ ಲಯ ಆಗ ಬೇರೆ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿಗೂ ಸೊಲ್ಲಾಪುರಕ್ಕೂ 765 ಕಿಲೋವೋಲ್ಟ್ ಲೈನ್ ಬೆಸೆದ ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಲಯ. ಈಗ ಆವರ್ತನ 49.90 ಮತ್ತು 50.05ರ ನಡುವೆ ಇರಬೇಕು ಅನ್ನುವುದು ನಿಯಮ. ಇವತ್ತು ಅದೇ ತಂತಿಯಲ್ಲಿ 48.3 ಬಂದರೆ ಮೇಷ್ಟ್ರು ನಗುವುದು ಸರಿ.

ಆದರೆ 1998ರಲ್ಲಿ? ನಮ್ಮ ತಂತಿ ಸತ್ಯವನ್ನೇ ಹೇಳಿರಬಹುದು. ರಾಯಚೂರು, ನೈವೇಲಿ, ರಾಮಗುಂಡಂನ ಯಂತ್ರಗಳೆಲ್ಲ ಹೊರೆ ತಾಳದೆ ಏದುಸಿರು ಬಿಡುತ್ತಿದ್ದುದನ್ನು ಒಂದು ಮೀಟರ್ ಹಿತ್ತಾಳೆ ತಂತಿ ಕೆಜಿಎಫ್‌ನ ಲ್ಯಾಬಿನಲ್ಲಿ ಕೂತು ಹೇಳಿರಬಹುದು. ಲೋಡ್ ಶೆಡ್ಡಿಂಗ್ ಯಾಕೆ ಅಂತ ದಿನಾ ಬೈದುಕೊಳ್ಳುತ್ತಿದ್ದ ನಾವು, ಉತ್ತರ ಕಣ್ಣೆದುರು ಬಂದಾಗ ರಬ್ಬರ್ ಹುಡುಕಿದೆವು.

ಇಲ್ಲಿ ನನಗೆ ರಾಮನ್ ನೆನಪಾಗುತ್ತಾರೆ. ಬೆಳಕಿನ ರಾಮನ್ ಅಲ್ಲ, ತಂತಿಯ ರಾಮನ್. ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ 1933ರಲ್ಲಿ ಬೆಂಗಳೂರಿಗೆ ಬಂದು, 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಉಳಿದ ಸಿ.ವಿ. ರಾಮನ್, ಹರೆಯದಲ್ಲಿ ಕಲ್ಕತ್ತೆಯಲ್ಲಿ ಸರ್ಕಾರಿ ಲೆಕ್ಕಪತ್ರದ ಅಧಿಕಾರಿ. ಕಚೇರಿಗೆ ಮುಂಚೆ, ಕಚೇರಿ ಮುಗಿದ ಮೇಲೆ ಒಂದು ಪ್ರಯೋಗಾಲಯಕ್ಕೆ ಹೋಗಿ ಅವರು ಮಾಡುತ್ತಿದ್ದದ್ದು ಇದೇ ಮೆಲ್ಡೆಯ ಪ್ರಯೋಗ, ಇದೇ ದಾರ, ಇದೇ ಶ್ರುತಿ ಕವೆ. ಕವೆ ದಾರವನ್ನು ಅದರ ಉದ್ದಕ್ಕೇ ಎಳೆದು ಬಿಡುವಂತೆ ಕಟ್ಟಿದರೆ ದಾರ ಕವೆಯ ಅರ್ಧ ಆವರ್ತನದಲ್ಲಿ ಕುಣಿಯುತ್ತೆ ಅನ್ನುವುದು ಮೊದಲೇ ಗೊತ್ತಿತ್ತು. ಬೇರೆ ಪ್ರಮಾಣಗಳಲ್ಲೂ ಕುಣಿಯುವುದನ್ನು ರಾಮನ್ ಕಂಡರು, ಅಳೆದರು, ಪ್ರಕಟಿಸಿದರು. 1921ರಲ್ಲಿ ತಂಬೂರಿ ಮತ್ತು ವೀಣೆಯ ಬಗ್ಗೆ ಬರೆದರು. ತಂತಿಯ ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ಅಲುಗಾಡದೆ ನಿಲ್ಲಬೇಕಾದ ಮೇಲ್ಸ್ವರಗಳು ಕೇಳಿಸಲೇಬಾರದು ಅಂತ ಪುಸ್ತಕ ಹೇಳುತ್ತಿತ್ತು. ತಂಬೂರಿಯಲ್ಲಿ ಅವು ಚೆನ್ನಾಗಿಯೇ ಕೇಳುತ್ತಿದ್ದವು. ಅದಕ್ಕೆ ಕಾರಣ ತಂಬೂರಿಯ ಅಗಲವಾದ, ಬಾಗಿದ ಕುದುರೆ, ಮತ್ತು ತಂತಿಗೂ ಕುದುರೆಗೂ ನಡುವೆ ತೂರಿಸುವ ನೂಲಿನ ಎಳೆ, ನಮ್ಮ ಸಂಗೀತಗಾರರು ಜೀವ ಅನ್ನುತ್ತಾರಲ್ಲ, ಅದು.

ಪುಸ್ತಕ ಒಂದು ಹೇಳಿ ತಂತಿ ಇನ್ನೊಂದು ಹೇಳಿದಾಗ ರಾಮನ್ ತಂತಿಯ ಕಡೆ ಕಿವಿ ಕೊಟ್ಟರು. ನಾವು ರಬ್ಬರಿಗೆ ಕೈ ಹಾಕಿದೆವು. ವ್ಯತ್ಯಾಸ ಇಷ್ಟೇ. ಇಷ್ಟೇ ಅಂದರೆ ಇಷ್ಟೇನಾ!

ಈಗ ಒಂದು ತಪ್ಪೊಪ್ಪಿಗೆ, ಇಲ್ಲದಿದ್ದರೆ ಈ ಬರಹವೂ 50.02 ಥರ ಆಗಿಬಿಡುತ್ತೆ. ನಮ್ಮ 48.3 ನಿಜವೇ ಅಂತ ನಾನು ಎದೆ ತಟ್ಟಿ ಹೇಳಲಾರೆ. ತಂತಿಯ ದಪ್ಪವನ್ನು ನಾವು ಸ್ಕ್ರೂಗೇಜಿನಲ್ಲಿ ಅಳೆದಿದ್ದೆವು, 0.40 ಮಿಲಿಮೀಟರ್ ಬಂದಿತ್ತು. ಅದರಲ್ಲಿ 0.01 ತಪ್ಪಿದರೂ ಉತ್ತರ ಎರಡೂವರೆ ಪ್ರತಿಶತ ಆಚೀಚೆ ಆಗುತ್ತೆ. ಅಂದರೆ ಒಂದು ಹರ್ಟ್ಸ್‌ಗೂ ಜಾಸ್ತಿ. ಮೂರೂ ರೀಡಿಂಗು ಒಂದೇ ಉತ್ತರ ಕೊಟ್ಟವು ಅನ್ನುವುದೂ ಸಾಕ್ಷಿ ಅಲ್ಲ, ದಪ್ಪ ತಪ್ಪಿದ್ದರೆ ಮೂರೂ ಒಟ್ಟಿಗೇ ತಪ್ಪುತ್ತವೆ. ಒಂದು ಮೀಟರ್ ತಂತಿ ಕತ್ತರಿಸಿ ತಕ್ಕಡಿಯಲ್ಲಿ ತೂಗಿದ್ದರೆ ಗೊತ್ತಾಗುತ್ತಿತ್ತು. ಅದೇ ಪ್ರಯೋಗವನ್ನು ರಾತ್ರಿ, ಹೊರೆ ಇಳಿದ ಮೇಲೆ, ಇನ್ನೊಮ್ಮೆ ಮಾಡಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು. ದಪ್ಪ ತಪ್ಪಿದ್ದರೆ ರಾತ್ರಿಯೂ 48.3, ಗ್ರಿಡ್ ಸೋತಿದ್ದರೆ ರಾತ್ರಿ ಉತ್ತರ ಬದಲಾಗುತ್ತಿತ್ತು. ಅದಲ್ವಾ ನಿಜವಾದ ಪ್ರಯೋಗ?

ತಪ್ಪು ಸ್ಕ್ರೂಗೇಜಿನದೋ ಗ್ರಿಡ್ಡಿನದೋ, ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ನಾವೇ ಅಳಿಸಿಬಿಟ್ಟೆವು. 48.3ರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದರೆ ಇವತ್ತು ಅದೊಂದು ಪುಟ್ಟ ಇತಿಹಾಸದ ದಾಖಲೆ ಆಗಿರುತ್ತಿತ್ತು. ಆ ದಶಕದಲ್ಲಿ ರಾಜ್ಯದ ಎಷ್ಟು ಕಾಲೇಜುಗಳಲ್ಲಿ, ಎಷ್ಟು ಸಾವಿರ ರೆಕಾರ್ಡ್ ಪುಸ್ತಕಗಳಲ್ಲಿ ಈ ಪ್ರಯೋಗ ಬರೆದಿರಬಹುದು! ಎಲ್ಲದರಲ್ಲೂ 50 ಇರುತ್ತೆ. ದಕ್ಷಿಣದ ಗ್ರಿಡ್ ಏದುಸಿರು ಬಿಡುತ್ತಿದ್ದ ವರ್ಷಗಳಲ್ಲೂ 50.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ. ರೈಲು ಊರಗಾಂ ದಾಟುವಾಗ ಈಗಲೂ ಕಿಟಕಿಯಿಂದ ಕರೆಂಟಿನ ತಂತಿಗಳು ಕಾಣುತ್ತವೆ, ಕಂಬದಿಂದ ಕಂಬಕ್ಕೆ ಬಗ್ಗಿ ಏಳುತ್ತಾ. ಗಾಳಿ ಬೀಸಿದರೆ ಅವು ಏನೋ ಹೇಳುತ್ತಿರುತ್ತವೆ.

ಕೊನೆಗೆ ನಿಮಗೊಂದು ಪ್ರಶ್ನೆ. ಫಿಸಿಕ್ಸ್ ಓದಿದವರು ಯಾರಾದರೂ ಇದ್ದರೆ, ಅಟ್ಟದ ಮೇಲಿನ ಹಳೇ ಪೆಟ್ಟಿಗೆ ತೆಗೆದು ಪ್ರಾಕ್ಟಿಕಲ್ ರೆಕಾರ್ಡ್ ಹುಡುಕಿ. ನಿಮ್ಮ ತಂತಿ ಎಷ್ಟು ಹೇಳಿತ್ತು? ರಬ್ಬರ್ ಉಜ್ಜಿದ ಗುರುತು ಕಂಡರೆ, ಬೆಳಕಿಗೆ ಹಿಡಿದು ಕೆಳಗಿನ ಅಂಕಿ ಓದೋಕೆ ಆಗುತ್ತಾ ನೋಡಿ ಹೇಳಿ.